ಕಾರಲ್ಲಿ ಕೇಳ್ಲಿಕ್ಕೆ ದುಡ್ಡು ಕೊಟ್ಟು ಹಾಡು ತೆಗೊಳ್ಳುವುದಾದ್ರೆ ಫ್ಲ್ಯಾಕ್ ಫೈಲ್ ಒಳ್ಳೇದಾ, 320ರ (ಸೆಕೆಂಡಿಗೆ 320 ಕಿಲೋಬಿಟ್) ಎಂಪಿ3 ಸಾಕಾ ಅಂತ ಕೇಳಿದ್ರಿ.

2008ರಲ್ಲಿ ನಾನೂ ಇದನ್ನೇ ಎಲ್ಲರ ಹತ್ರ ಕೇಳ್ತಾ ಇದ್ದೆ ಮಾರಾಯ್ರೆ, ಫೈಲಿಗೆ ಬೀಗ, ಅಂದ್ರೆ ಲೈಸೆನ್ಸ್ ಇಲ್ಲದೆ ಹಾಡದ ಹಾಗೆ ಅಂಗಡಿಯವರು ಹಾಕುವ ಡಿಆರ್‌ಎಂ, ಉಂಟಾ ಅಂತ ಮಾತ್ರ ಕೇಳ್ಲಿಲ್ಲ.

ನಮ್ಮದು ಪೆರ್ಲದ ಹತ್ರ. ಆಗ ಬಿಎಸ್ಸೆನ್ನೆಲ್ ಪ್ಲಾನಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಡೌನ್‌ಲೋಡ್ ಫ್ರೀ, ಹಾಗೆ ಅಲಾರಾಂ ಇಟ್ಟು ಎದ್ದು, ಅಮ್ಮನಿಗೆ ಕೇಳ್ಲಿಕ್ಕೆ ಅಂತ ಒಂದು ಆನ್‌ಲೈನ್ ಅಂಗಡಿಯಿಂದ ಭಾವನ ಕಾರ್ಡಲ್ಲಿ ವೀಣೆ ಕಛೇರಿ ತೆಗೊಂಡದ್ದು. 43 ಫೈಲು, ಎಲ್ಲ ಡಬ್ಲ್ಯುಎಂಎ, ಮೈಕ್ರೋಸಾಫ್ಟಿನವರ ಹಾಡಿನ ಫೈಲು. ಮುಂದಿನ ವರ್ಷ ಕಂಪ್ಯೂಟರಿಗೆ ವೈರಸ್ ಹೊಕ್ಕಿತು, ಬದಿಯಡ್ಕದ ಹುಡುಗ ಫಾರ್ಮ್ಯಾಟ್ ಮಾಡ್ಬೇಕು ಅಂದ. ನಾನು ಭಾರೀ ಬುದ್ಧಿವಂತ ಅಲ್ವಾ, ಮೊದಲೇ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಟ್ಟೆ. ವಾಪಸ್ ಬಂದ ಮೇಲೆ ಒತ್ತಿದ್ರೆ ಹಾಡಿಲ್ಲ, ಲೈಸೆನ್ಸ್ ಬೇಕು ಅಂತ ಸಣ್ಣದೊಂದು ಡಬ್ಬಿ.

ವಿಷಯ ಎಂತ ಅಂದ್ರೆ ಲೈಸೆನ್ಸ್ ಹಾಡಿನ ಫೈಲಿನೊಳಗೆ ಇರುವುದಿಲ್ಲ, ಕಂಪ್ಯೂಟರಿನ ಬೇರೆ ಯಾವುದೋ ಮೂಲೆಯಲ್ಲಿ ಇರ್ತದೆ. ನಾನು ಪೆಟ್ಟಿಗೆ ಜೋಪಾನ ಮಾಡಿದೆ, ಬೀಗದ ಕೈ ಒಲೆಗೆ ಹಾಕಿದೆ. ಹೊಸ ಕೀ ಕೊಡ್ಬೇಕಾದ ಅಂಗಡಿಯವರು ಅಷ್ಟರಲ್ಲಿ ಬಾಗಿಲು ಹಾಕಿ ಹೋಗಿ ಆಗಿತ್ತು. ಹೊಟ್ಟೆ ಉರಿಯುವುದು ಎಂತಕ್ಕೆ ಅಂದ್ರೆ, ಆಡಿಯೋ ಸಿಡಿಗೆ ಬರೀಲಿಕ್ಕೆ ಅವರೇ ಬಿಟ್ಟಿದ್ರು, ಖಾಲಿ ಸಿಡಿ ಮೇಜಿನ ಮೇಲೇ ಇತ್ತು, ನಾಳೆ ಬರೆದ್ರಾಯ್ತು ಅಂತ ಒಂದು ವರ್ಷ ಕಳೆದೆ. ಸಿಡಿಗೆ ಹೋದದ್ದಕ್ಕೆ ಬೀಗ ಇರುವುದಿಲ್ಲ.

ಹಾಗಾಗಿ ಫ್ಲ್ಯಾಕಾ ಎಂಪಿ3ಯಾ ಅನ್ನುವ ನಿಮ್ಮ ಪ್ರಶ್ನೆಯೇ ನನ್ನ ಲೆಕ್ಕದಲ್ಲಿ ಎರಡನೇದು. ಸಿಡಿಯ ಶಬ್ದ ಅಂದ್ರೆ ನಿಮಿಷಕ್ಕೆ ಸುಮಾರು 10 ಎಂಬಿ, ಫ್ಲ್ಯಾಕ್ ಅದನ್ನೇ ಏನೂ ಬಿಸಾಡದೆ ಹೆಚ್ಚುಕಡಿಮೆ ಅರ್ಧಕ್ಕೆ ಮಡಚ್ತದೆ, ಎಂಪಿ3 ಕಿವಿಗೆ ಗೊತ್ತಾಗ್ಲಿಕ್ಕಿಲ್ಲ ಅಂತ ಸ್ವಲ್ಪ ಬಿಸಾಡ್ತದೆ. ಬಿಸಾಡಿದ್ದು ಮತ್ತೆ ಬರುವುದಿಲ್ಲ, ಎಂಪಿ3ಯನ್ನು ಫ್ಲ್ಯಾಕ್ ಮಾಡಿದ್ರೆ ಸೈಜ್ ಮಾತ್ರ ದಪ್ಪ. ನೀವು ಕಾರಲ್ಲಿ ಕೇಳ್ಲಿಕ್ಕೆ ಅಂದದ್ದು ಅಲ್ವಾ, ಕಾಸರಗೋಡು-ಮಂಗಳೂರು ರೋಡಲ್ಲಿ 320ಕ್ಕೂ ಫ್ಲ್ಯಾಕಿಗೂ ವ್ಯತ್ಯಾಸ ಹೇಳುವವರನ್ನು ನನಗೊಮ್ಮೆ ತೋರಿಸಿ. ಮನೆಯಲ್ಲಿ ಇಡ್ಲಿಕ್ಕೆ ಫ್ಲ್ಯಾಕ್ ತೆಗೊಳ್ಳಿ, ಕಾರಿಗೆ ಅದರಿಂದಲೇ ಎಂಪಿ3 ಮಾಡಿ.

ಬ್ಯಾಂಡ್‌ಕ್ಯಾಂಪ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಫ್ಲ್ಯಾಕ್, ಎಂಪಿ3 ಎರಡೂ ಬೀಗ ಇಲ್ಲದೆ ಸಿಗ್ತದೆ. ಐಟ್ಯೂನ್ಸಿನವರೂ 2009ರಲ್ಲೇ ಹಾಡಿನ ಬೀಗ ತೆಗ್ದಿದ್ದಾರೆ, ಅಲ್ಲಿ ಬರುವುದು 256ರ ಎಎಸಿ, ಎಂಪಿ3ಯ ಹಾಗೆ ಸ್ವಲ್ಪ ಬಿಸಾಡುವ ಇನ್ನೊಂದು ಬಗೆ. ಸ್ಟ್ರೀಮಿಂಗ್ ಆ್ಯಪಿನ ಡೌನ್‌ಲೋಡ್ ಬಟನ್ ನೋಡಿ ಹಾಡು ನಮ್ಮದಾಯ್ತು ಅಂತ ಗ್ರಹಿಸ್ಬೇಡಿ, ಚಂದಾ ನಿಂತ್ರೆ ಅದೂ ನಿಂತಿತು. ತೆಗೊಂಡ ದಿನವೇ ಎರಡು ಕಡೆ ಕಾಪಿ ಹಾಕಿ, ಬೇರೆ ಕಂಪ್ಯೂಟರಲ್ಲಿ ಒಮ್ಮೆ ಹಾಡಿಸಿ ನೋಡಿ.

ಆ ಪೆನ್‌ಡ್ರೈವ್ ಈಗಲೂ ಡ್ರಾಯರಲ್ಲಿ ಉಂಟು. ಅಮ್ಮನಿಗೆ ಯೂಟ್ಯೂಬಲ್ಲಿ ಹಾಕಿ ಕೊಡ್ತೇನೆ, ತನಿ (ಮೃದಂಗದವರ ಸರದಿ) ಶುರುವಾಗುವಾಗ ಸರಿಯಾಗಿ ಬನಿಯನ್ ಜಾಹೀರಾತು ಬರ್ತದೆ.