ಆಪ್ತಸಲಹೆ ಪ್ರಕರಣ: ಕುಣಿಯುವುದನ್ನೇ ಬಿಟ್ಟಿದ್ದ ಹುಡುಗಿ

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ಬಳ್ಳಾರಿಯ ಒಂಬತ್ತನೇ ಕ್ಲಾಸಿನ ಹುಡುಗಿ. ಕುಣಿಯುವುದೆಂದರೆ ಪ್ರಾಣ. ಸ್ಕೂಲ್ ಡೇ ದಿನ ಅವಳು ಕುಣಿದದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದು, ಮೈಕಟ್ಟಿನ ಬಗ್ಗೆ ಕೊಳಕು ಮಾತು ಸೇರಿಸಿ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು. ಆಮೇಲೆ ಬೆಳಗಾದರೆ ಹೊಟ್ಟೆನೋವು, ಶಾಲೆ ಬೇಡ.

"ಡಾಕ್ಟ್ರು ಏನೂ ಇಲ್ಲ ಅಂತಾರ್ರೀ ಮೇಡಂ. ನಾಟಕ ಮಾಡ್ತಾಳೇನ್ರೀ?" ಎಂದರು ತಾಯಿ.

ನಾಟಕ ಅಲ್ಲ. ಭಯ, ಅವಮಾನ ಒಳಗೇ ಉಳಿದರೆ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ಹುಡುಗಿ ಭುಜ ಮುದುಡಿಕೊಂಡು, ವೇಲಿನ ತುದಿ ಸುತ್ತುತ್ತಾ ಕೂತಿದ್ದಳು. ಎಷ್ಟು ಕೇಳಿದರೂ ಒಂದೇ ಉತ್ತರ: "ಏನಿಲ್ರೀ." ಇಂಥ ಮಕ್ಕಳನ್ನು ಮಾತಿಗೆ ಎಳೆಯಬಾರದು. ಮೈ ಮೊದಲು ಸಡಿಲವಾಗಬೇಕು.

ಅವಳ ಟೀಚರ್ ಒಂದಷ್ಟು ಮಕ್ಕಳನ್ನು ಊರಿನ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ಮ್ಯೂಸಿಯಂಗೆ ಕರೆದೊಯ್ಯುವವರಿದ್ದರು. ಅಲ್ಲೇ ಕುಣಿತವನ್ನೂ ಸೇರಿಸೋಣ ಎಂದೆ. ಮುಖ್ಯಶಿಕ್ಷಕರಿಗೆ ಅನುಮಾನ. ಕಲೆ ಆರೋಗ್ಯಕ್ಕೆ ಹೇಗೆ ನೆರವಾಗುತ್ತದೆ ಎಂದು 3,000ಕ್ಕೂ ಹೆಚ್ಚು ಅಧ್ಯಯನ ನೋಡಿ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ವರದಿ ಕೊಟ್ಟಿದೆ, ಅದರಲ್ಲಿ ನೃತ್ಯವೂ ಇದೆ ಎಂದ ಮೇಲೆ ಒಪ್ಪಿದರು. ನನ್ನ ಷರತ್ತು ಇಷ್ಟೇ: ಮೊಬೈಲ್ ಹೊರಗೆ. ನೋಡುವವರು ಯಾರೂ ಇಲ್ಲ, ಟೀಚರೂ ಕುಣಿಯಬೇಕು. ಬೇಡವಾದವರು ಸುಮ್ನೆ ಕೂರಬಹುದು.

ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ಸಾವಿರಾರು ವರ್ಷದ ಹಿಂದೆ ಇದ್ದ ನವಶಿಲಾಯುಗದ ಜನ ಕಲ್ಲುಕೊಡಲಿ ಮಾಡುತ್ತಿದ್ದರಲ್ವಾ? ಕಪ್ಪು ಕಲ್ಲಿನಿಂದ ಚಕ್ಕೆ ಎಬ್ಬಿಸಿ, ಕುಟ್ಟಿ, ಕೊನೆಗೆ ಬಂಡೆಯ ಮೇಲೆ ಉಜ್ಜಿ ನುಣುಪು ಮಾಡುತ್ತಿದ್ದರು. ಉಜ್ಜಿದ ಗುಳಿಗಳು ಅಲ್ಲಿನ ಬಂಡೆಗಳ ಮೇಲೆ ಇಂದಿಗೂ ಇವೆ. ಕೊಡಲಿಗಳನ್ನು ನೋಡಿದ ಮಕ್ಕಳು ಆ ಮೂರು ಕೆಲಸವನ್ನೇ ಕುಣಿತ ಮಾಡಿದರು. ಪಕ್ಕದ ಕಪ್ಪಗಲ್ಲು ಗುಡ್ಡದಲ್ಲಿ ಬಡಿದರೆ ಗಂಟೆಯಂತೆ ದನಿ ಕೊಡುವ ಬಂಡೆಗಳಿವೆ ಎಂದು ಕೇಳಿದ್ದೇ ತಡ, ಅದರ ತಾಳವನ್ನು ಚಪ್ಪಾಳೆಯಲ್ಲಿ ಹಿಡಿದರು.

ನಮ್ಮ ಹುಡುಗಿ ಎಲ್ಲರಿಗಿಂತ ಹಿಂದೆ ನೆಲಕ್ಕೆ ಕೂತು ಉಜ್ಜುವುದನ್ನಷ್ಟೇ ಮಾಡಿದಳು. ಮೊದಲು ಬರೀ ಮಣಿಕಟ್ಟು. ಆಮೇಲೆ ಮೊಣಕೈ. ತಾಳ ಜೋರಾದಂತೆ ಬೆನ್ನೂ ಮುಂದಕ್ಕೆ ಹಿಂದಕ್ಕೆ ತೂಗಿತು, ಮುದುಡಿದ್ದ ಭುಜ ಬಿಚ್ಚಿಕೊಂಡಿತು. ಇಲ್ಲಿ ಯಾರೂ ಅವಳ ಮೈ ನೋಡುತ್ತಿರಲಿಲ್ಲ, ಎಲ್ಲರ ಗಮನ ಕೊಡಲಿಯ ಮೇಲಿತ್ತು. ವೇದಿಕೆ ಕೊಡಲಾರದ್ದನ್ನು ಮ್ಯೂಸಿಯಂ ಕೊಡುವುದು ಇದನ್ನೇ ಅಂತ ನನಗನ್ನಿಸುತ್ತದೆ. ಮುಂದಿನ ವಾರ ಬಂದವಳು ತಾನಾಗಿಯೇ ವಿಡಿಯೋದ ವಿಷಯ ತೆಗೆದಳು, ಅತ್ತಳು.

ತಾಯಿಗೆ ಹೇಳಿದ್ದು: "ಹೆಂಗಾತು, ಏನಾತು" ಎಂದು ಕೆದಕಬೇಡಿ. ನೆಂಟರ ಮುಂದೆ "ಒಂದು ಸ್ಟೆಪ್ ಹಾಕು" ಎನ್ನಲೇಬೇಡಿ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಕುಣಿದರೆ ಬಿಟ್ಟುಬಿಡಿ. ಶಾಲೆಗೆ ಹೇಳಿದ್ದು: ವಿಡಿಯೋ ಅಳಿಸಿಸಿ, ಹಾಕಿದವರ ಪೋಷಕರನ್ನು ಕರೆಸಿ. ಇದಕ್ಕೆ ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಕುಣಿತವೊಂದರಿಂದಲೇ ಎಲ್ಲ ಸರಿಹೋಗುವುದಿಲ್ಲ. ನಿದ್ದೆ, ಊಟ ಬಿಟ್ಟರೆ, ಸಾಯುವ ಮಾತಾಡಿದರೆ ತಡಮಾಡದೆ ಮನೋವೈದ್ಯರ ಹತ್ತಿರ ಹೋಗಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು.

ಈಗ ಶಾಲೆಗೆ ಹೋಗುತ್ತಾಳೆ. ಹೊಟ್ಟೆನೋವು ಅಪರೂಪಕ್ಕೆ ಬರುತ್ತದೆ. ಈ ಸಲ ಸ್ಕೂಲ್ ಡೇಗೆ ಕುಣಿಸಬಹುದಾ ಎಂದು ತಾಯಿ ಕೇಳಿದರು. ಅದನ್ನು ಅವಳೇ ಹೇಳಲಿ, ನಾವು ಕೇಳುವುದು ಬೇಡ ಎಂದಿದ್ದೇನೆ.