ಮರಕ್ಕೂ ಒಂದು ಜಾತಕ ಬೇಕು

ಮಾವನ ಜಾಗದ ಸಾಗುವಾನಿಯನ್ನು ಕಾಸರಗೋಡಿನಿಂದ ಬೆಂಗಳೂರಿಗೆ ಒಯ್ಯಲು ಅರಣ್ಯ ಇಲಾಖೆಯ ಸಾಗಣೆ ಪಾಸ್ ಯಾಕೆ ಬೇಕು ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಮಾವನ ಪಟ್ಟಾ ಜಾಗ, ಅಂದರೆ ಹಕ್ಕುಪತ್ರ ಇರುವ ಸ್ವಂತ ಜಾಗ, ಮಾವನೇ ನೆಟ್ಟ ಸಾಗುವಾನಿ, ಹೋಗುವುದು ಮಗಳು ಅಳಿಯ ಕಟ್ಟಿಸುವ ಮನೆಯ ಬಾಗಿಲಿಗೆ. ಇದರಲ್ಲಿ ಫಾರೆಸ್ಟಿನವರಿಗೇನು ಕೆಲಸ ಅಂತ ಬೆಂಗಳೂರಿನವರಿಗೆ ಅನ್ನಿಸುವುದು ಸಹಜ. ಕೇರಳದ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಕಡೆಯ ನಮಗೂ ಅನ್ನಿಸುತ್ತದೆ. ಹೇಳಿ ಪ್ರಯೋಜನವಿಲ್ಲ ಅಂತ ಗೊತ್ತಿರುವುದರಿಂದ ಸುಮ್ಮನೆ ಕಾಗದ ಹೊಂದಿಸುತ್ತೇವೆ, ಅಷ್ಟೆ.

ಬೇರೆ ಕಳವಿನ ಕೇಸುಗಳಲ್ಲಿ ಮಾಲು ಕದ್ದದ್ದು ಅಂತ ಪೊಲೀಸರು ಸಾಬೀತು ಮಾಡಬೇಕು. ಮರದ ವಿಷಯದಲ್ಲಿ ಲೆಕ್ಕ ತಿರುಗುಮುರುಗು. ದಿಮ್ಮಿ ಸರ್ಕಾರದ್ದೋ ಖಾಸಗಿಯದ್ದೋ ಎಂಬ ಪ್ರಶ್ನೆ ಎದ್ದರೆ, ಅಲ್ಲವೆಂದು ರುಜುವಾತಾಗುವ ತನಕ ಅದು ಸರ್ಕಾರದ್ದೇ. ಕೇರಳದ 1961ರ ಅರಣ್ಯ ಕಾಯ್ದೆಯಲ್ಲೂ ಹೀಗೇ, ಕರ್ನಾಟಕದ 1963ರ ಕಾಯ್ದೆಯಲ್ಲೂ ಹೀಗೇ. ಮರದ ಜೊತೆ ಲಾರಿಯೂ ಹೋಗುತ್ತದೆ. ಕೋರ್ಟಿನ ತೀರ್ಪು ಬರುವ ತನಕ ಕಾಯಬೇಕೆಂದಿಲ್ಲ, ಅಧಿಕಾರ ಪಡೆದ ಅರಣ್ಯಾಧಿಕಾರಿಯೇ ಮುಟ್ಟುಗೋಲಿನ ಆದೇಶ ಮಾಡಬಹುದು. ಲಾರಿ ಯಜಮಾನ 'ನನಗೆ ಗೊತ್ತೇ ಇರಲಿಲ್ಲ' ಅಂದರೆ ಸಾಲದು, ತಕ್ಕ ಜಾಗ್ರತೆ ವಹಿಸಿದ್ದೆ ಅಂತಲೂ ತೋರಿಸಬೇಕು. ನಮ್ಮ ಡ್ರೈವರುಗಳು ಹಗ್ಗ ಬಿಚ್ಚುವ ಮೊದಲೇ 'ಪಾಸ್ ಎಲ್ಲಿ' ಅಂತ ಕೇಳುವುದು ಅದಕ್ಕೇ.

ಅಜ್ಜನ ಕಾಲದಲ್ಲಿ ಗಡಿಯ ತಲೆನೋವಾದರೂ ಇರಲಿಲ್ಲ. 1956ರ ನವೆಂಬರ್ 1ರ ತನಕ ಕಾಸರಗೋಡೂ ಪುತ್ತೂರೂ ಒಂದೇ ಜಿಲ್ಲೆ, ಎರಡಕ್ಕೂ 1882ರ ಮದರಾಸು ಅರಣ್ಯ ಕಾಯ್ದೆ. ಈಗ ಕಾಸರಗೋಡಿನಿಂದ ಕರ್ನಾಟಕಕ್ಕೆ ದಾಟುವ ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಹೋಗುತ್ತಾ ಹೋಗುತ್ತಾ ಕಾನೂನು ಬದಲಾಗುತ್ತದೆ, ಇಲಾಖೆ ಬದಲಾಗುತ್ತದೆ, ಮರದ ಹೆಸರೇ ಬದಲಾಗುತ್ತದೆ. ಕೆಲವು ವರ್ಷಗಳ ಹಿಂದೆ ಅಕ್ಕನ ಮನೆಗೆ ಬೋಗಿ ಮರ ಸಾಗಿಸಿದ್ದೆ. ಪಾಸಿನಲ್ಲಿ ಮಲಯಾಳದಲ್ಲಿ ಕಂಬಗಂ ಅಂತ ಬರೆದಿತ್ತು. ಆಚೆ ಬದಿಯಲ್ಲಿ ತಡೆದವರು, "ಕಾಗದದಲ್ಲಿ ಒಂದು ಮರ, ಲಾರಿಯಲ್ಲಿ ಇನ್ನೊಂದು ಮರ" ಅಂದುಬಿಟ್ಟರು. ಅರ್ಧ ದಿನ ಬಿಸಿಲಲ್ಲಿ ನಿಂತೆವು. ಕೊನೆಗೆ ನಿವೃತ್ತಿಯ ಹತ್ತಿರ ಬಂದಿದ್ದ ಒಬ್ಬ ಗಾರ್ಡ್, "ಅಯ್ಯೋ ಮಾರಾಯ್ರೇ, ಎರಡೂ ಒಂದೇ, ಹೋಪಿಯ ಪಾರ್ವಿಫ್ಲೋರ" ಅಂದ ಮೇಲೆ ಬಿಟ್ಟರು. ಆವತ್ತಿನಿಂದ ನಾನು ಅರ್ಜಿಯಲ್ಲಿ ಸಸ್ಯಶಾಸ್ತ್ರದ ಹೆಸರನ್ನೂ ಬರೆಯಿಸುತ್ತೇನೆ.

ಫಾರೆಸ್ಟಿನವರ ಸಂಶಯವನ್ನು ಪೂರ್ತಿ ಬೈಯಲೂ ಆಗುವುದಿಲ್ಲ. ರಾತ್ರಿ ಕಾಡಿಗೆ ನುಗ್ಗಿ ಗರಗಸ ಹಾಕುವವನು ಸಣ್ಣ ಕಳ್ಳ. ದೊಡ್ಡ ಕಳ್ಳತನ ನಡೆಯುವುದು ಕಾಗದದಲ್ಲಿ. ರಿಸರ್ವ್ ಕಾಡಿನಲ್ಲಿ ಬಿದ್ದ ಮರಕ್ಕೆ ಪಟ್ಟಾ ಜಾಗದ ಸರ್ವೆ ನಂಬರು ಹಚ್ಚುವುದು, ಒಂದೇ ಪಾಸಿನಲ್ಲಿ ಎರಡು ಟ್ರಿಪ್ ಹೊಡೆಯುವುದು, ನಾಲ್ಕು ಮರ ತೋರಿಸಿ ಆರು ಸಾಗಿಸುವುದು. ನಮ್ಮ ಕಡೆ ಕುಮ್ಕಿಯೂ ಉಂಟು, ಅಂದರೆ ವರ್ಗಕ್ಕೆ (ಸ್ವಂತ ಕೃಷಿ ಜಾಗಕ್ಕೆ) ತಾಗಿದ ಸರ್ಕಾರಿ ಜಾಗ. ಅಲ್ಲಿ ಸೊಪ್ಪು, ಸೌದೆ, ಕೃಷಿಗೆ ಬೇಕಾದ ಮರಮಟ್ಟು ತೆಗೆಯಬಹುದು, ಕಡಿದು ಮಾರುವಂತಿಲ್ಲ. ಬೇಲಿ ನಾಲ್ಕು ಮಾರು ಸರಿದರೆ ಕುಮ್ಕಿಯ ಮರ ವರ್ಗದ ಮರವಾಗುತ್ತದೆ! ಇದಕ್ಕೇ ಬುಡದ ಅಳತೆ, ಮಹಜರು, ದಿಮ್ಮಿಯ ತುದಿಗೆ ಸುತ್ತಿಗೆಯ ಮುದ್ರೆ. ಆ ಮುದ್ರೆಯನ್ನು ನಕಲು ಮಾಡುವುದೇ ಬೇರೆ ಅಪರಾಧ.

ವಯನಾಡಿನ ಮುಟ್ಟಿಲ್ ಪ್ರಕರಣ ಕೇಳಿರಬಹುದು. ಪಟ್ಟಾ ಜಾಗದಲ್ಲಿ ರೈತರು ನೆಟ್ಟ ಮತ್ತು ತಾನಾಗಿ ಹುಟ್ಟಿದ ಮರಗಳನ್ನು, ಗಂಧ ಒಂದನ್ನು ಬಿಟ್ಟು, ಕಡಿಯಬಹುದು ಎಂದು ಕೇರಳದ ಕಂದಾಯ ಇಲಾಖೆ 2020ರ ಅಕ್ಟೋಬರಿನಲ್ಲಿ ಆದೇಶ ಹೊರಡಿಸಿತು. 2021ರ ಫೆಬ್ರವರಿಯಲ್ಲಿ ಹಿಂದಕ್ಕೆ ಪಡೆಯಿತು. ಆ ಮೂರು ತಿಂಗಳ ಚಿಲ್ಲರೆ ಸಂದಿಯಲ್ಲಿ, ಆದಿವಾಸಿಗಳ ಮತ್ತು ಸಣ್ಣ ರೈತರ ಜಾಗದಲ್ಲಿದ್ದ, ಸರ್ಕಾರ ತನಗೆಂದು ಕಾದಿರಿಸಿದ್ದ ಬೀಟೆ ಮರಗಳು ಉರುಳಿದವು ಎಂಬುದು ಆರೋಪ. ಮರಗಳ ವಯಸ್ಸು ತಪಾಸಣೆ ಮಾಡಿಸಿದಾಗ ಮುನ್ನೂರು ವರ್ಷ ದಾಟಿದವೂ ಇದ್ದವು. ಮುನ್ನೂರು ವರ್ಷದ ಬೀಟೆಯನ್ನು ಯಾವ ರೈತ ನೆಟ್ಟಿರುತ್ತಾನೆ, ನೀವೇ ಹೇಳಿ.

ಗಂಧದ್ದು ಬೇರೆಯೇ ಕತೆ. ಕರ್ನಾಟಕದಲ್ಲಿ 2001ರ ತಿದ್ದುಪಡಿ ಬರುವ ತನಕ ನಿಮ್ಮ ಅಂಗಳದಲ್ಲಿ ಹುಟ್ಟಿದ ಗಂಧವೂ ಸರ್ಕಾರದ್ದು, ಕಳ್ಳ ಕಡಿದರೆ ಪಂಚಾಯತಿಕೆ ಮಾತ್ರ ನಿಮ್ಮದು. ಹಾಗಾಗಿ ಸಸಿ ಕಂಡರೆ ಕಿತ್ತು ಬಿಸಾಡುತ್ತಿದ್ದವರೂ ಇದ್ದರು. ಈಗ ಮರ ಜಾಗದ ಯಜಮಾನನದ್ದು, ಕಡಿಯಲು ಮತ್ತು ಸಾಗಿಸಲು ಅನುಮತಿ ಮಾತ್ರ ಬೇಕು. ಕೇರಳದ 2005ರ ಕಾಯ್ದೆ ಅರಣ್ಯವಲ್ಲದ ಖಾಸಗಿ ಜಾಗದ ಮರ ಕಡಿದು ಸಾಗಿಸುವ ಹಕ್ಕನ್ನು ಯಜಮಾನನಿಗೆ ಕೊಟ್ಟಾಗಲೂ ಗಂಧವನ್ನು ಹೊರಗಿಟ್ಟಿತು.

ನಿಮ್ಮ ಸಾಗುವಾನಿಗೆ ಅಷ್ಟೆಲ್ಲ ತಾಪತ್ರಯವಿಲ್ಲ. ಮೊದಲು ಮಾವನವರ ಪಟ್ಟಾ ಯಾವ ಬಗೆಯದ್ದು, ಅದರಲ್ಲಿ ಮರಗಳನ್ನು ಸರ್ಕಾರಕ್ಕೆ ಕಾದಿರಿಸಿದ ಷರತ್ತು ಉಂಟೋ ನೋಡಿ. ಇಲ್ಲವಾದರೆ, ಕಡಿಯುವ ಮೊದಲು ರೇಂಜ್ ಆಫೀಸಿಗೆ ಘೋಷಣೆ ಕೊಡಿ. ಕಡಿದು ಮುಗಿದ ಮೇಲೆ ಅಲ್ಲ. ಅರ್ಧ ಕೇಸುಗಳು ಈ ಅವಸರದಿಂದಲೇ ಹುಟ್ಟುವುದು. 2023ರ ಡಿಸೆಂಬರಿನಲ್ಲಿ ಇಡೀ ದೇಶಕ್ಕೆ ಒಂದೇ ಸಾಗಣೆ ಪಾಸಿನ ಆನ್‌ಲೈನ್ ವ್ಯವಸ್ಥೆ ಶುರುವಾಗಿದೆ. ಕ್ಯೂಆರ್ ಕೋಡ್ ಇರುತ್ತದೆ, ಗಡಿಯಲ್ಲಿ ಸ್ಕ್ಯಾನ್ ಮಾಡಿದರಾಯಿತು. ಪಾಸಿನ ಅವಧಿ ಮುಗಿಯುವ ಮೊದಲೇ ಲಾರಿ ಬೆಂಗಳೂರು ಸೇರುವಂತೆ ನೋಡಿಕೊಳ್ಳಿ, ಶಿರಾಡಿಯಲ್ಲಿ ಗುಡ್ಡ ಜರಿಯುವ ತಿಂಗಳಾದರೆ ಒಂದು ದಿನ ಜಾಸ್ತಿಯೇ ಕೇಳಿ.

ಇನ್ನೊಂದು. ಕಡಿದ ಬುಡದ ಫೋಟೋ ತೆಗೆದಿಡಿ. ಬುಡ ಕೀಳಿಸಿ ಅಡಿಕೆ ಸಸಿ ನೆಡಬೇಕು ಅಂತ ಮಾವ ಅವಸರ ಮಾಡಿಯೇ ಮಾಡುತ್ತಾರೆ. ನಿಮ್ಮ ಬಾಗಿಲು ಕೂರುವ ತನಕ ಕೀಳುವುದು ಬೇಡ ಅನ್ನಿ.