ಬ್ಯಾಂಡ್ ತೊಟ್ಟರೆ ಮೈ ಜಾಸ್ತಿ ಬಾಗುತ್ತದೆಯೇ?

ಪ್ರಶ್ನೆ: ನಾನು ಕಲಬುರಗಿ ಹತ್ತಿರದ ಹೈಸ್ಕೂಲೊಂದರಲ್ಲಿ ಪಿ.ಟಿ. ಮಾಸ್ತರ. ಕಬಡ್ಡಿ ತಂಡ ನೋಡಿಕೊಳ್ಳುತ್ತೇನೆ. ಶರಣಬಸವೇಶ್ವರ ಜಾತ್ರೆಯಲ್ಲಿ ಒಬ್ಬ ಮಣಿಕಟ್ಟಿಗೆ ತೊಡುವ ‘ಅಯಾನ್ ಬ್ಯಾಂಡ್’ ಮಾರುತ್ತಿದ್ದ. ನಮ್ಮ ಹುಡುಗನನ್ನು ಒಂಟಿ ಕಾಲಲ್ಲಿ ನಿಲ್ಲಿಸಿ, ಚಾಚಿದ ಕೈಯನ್ನು ಒತ್ತಿದ. ಹುಡುಗ ವಾಲಿದ. ಬ್ಯಾಂಡ್ ತೊಡಿಸಿ ಒತ್ತಿದರೆ ಅಲ್ಲಾಡಲಿಲ್ಲ! ಬಗ್ಗಿ ಕಾಲ್ಬೆರಳು ಮುಟ್ಟುವುದರಲ್ಲೂ ಹಾಗೇ ಆಯಿತು. ಈಗ ಇಡೀ ತಂಡಕ್ಕೆ ಬ್ಯಾಂಡ್ ಬೇಕಂತೆ. ಕೊಡಿಸಲೇ? ಮೊಣಕಾಲಿಗೆ ಹಾಕುವ ನೀ ಕ್ಯಾಪ್ ಬಗ್ಗೆಯೂ ಹೇಳಿ.

ಉತ್ತರ: ಬೇಡ ಸರ್. ಆ ದುಡ್ಡಲ್ಲಿ ಹುಡುಗರಿಗೆ ಶೇಂಗಾ, ಮೊಟ್ಟೆ ಕೊಡಿಸಿ.

ನೀವು ಕಣ್ಣಾರೆ ಕಂಡಿದ್ದು ಸುಳ್ಳಲ್ಲ. ಹುಡುಗ ಎರಡನೇ ಸಲ ನಿಜವಾಗಿಯೂ ಗಟ್ಟಿಯಾಗಿ ನಿಂತ, ನಿಜವಾಗಿಯೂ ಜಾಸ್ತಿ ಬಗ್ಗಿದ. ಬ್ಯಾಂಡ್ ಇಲ್ಲದಿದ್ದರೂ ಬಗ್ಗುತ್ತಿದ್ದ. ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಸ್ನಾಯುವನ್ನು ಮೊದಲ ಸಲ ಎಳೆದಾಗ ನರಗಳು ಬೇಗ ‘ಸಾಕು’ ಅನ್ನುತ್ತವೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಗ್ಗಿದರೆ ಅದೇ ಎಳೆತ ಕಮ್ಮಿ ಅನ್ನಿಸುತ್ತದೆ. ಅಷ್ಟರಲ್ಲಿ ಸ್ನಾಯುವೇನೂ ಉದ್ದ ಬೆಳೆದಿರುವುದಿಲ್ಲ, ತಾಳಿಕೊಳ್ಳುವುದು ಹೆಚ್ಚಿರುತ್ತದೆ.

ಕೈ ಒತ್ತುವುದರಲ್ಲಿ ಇನ್ನೂ ಸ್ವಾರಸ್ಯ ಇದೆ. ಮೊದಲ ಸಲ ಎಷ್ಟು ಒತ್ತುತ್ತಾನೆ, ಯಾವ ಕಡೆಗೆ ಅಂತ ಹುಡುಗನಿಗೆ ಗೊತ್ತಿರಲಿಲ್ಲ. ಎರಡನೇ ಸಲ ಗೊತ್ತು. ಅದರ ಮೇಲೆ ಒತ್ತುವವನ ಕೈಚಳಕ. ಕೆಳಕ್ಕೆ ಒತ್ತುವಾಗ ಒಂಚೂರು ಹೊರಕ್ಕೆ ಎಳೆದರೆ ಎಂಥವನೂ ವಾಲುತ್ತಾನೆ. ಅಷ್ಟೇ ಬಲವನ್ನು ಮೈಕಡೆಗೆ ತಿರುಗಿಸಿದರೆ ಭಾರ ಊರಿದ ಕಾಲಿನ ಮೇಲೇ ಬೀಳುತ್ತದೆ, ಆಸಾಮಿ ಕಂಬದ ಹಾಗೆ ನಿಲ್ಲುತ್ತಾನೆ. ನಿಂತು ನೋಡುವವರಿಗೆ ಈ ಫರಕು ಕಾಣುವುದಿಲ್ಲ. ಎಷ್ಟೋ ಸಲ ಒತ್ತುವವನಿಗೇ ಅದರ ಅರಿವಿರುವುದಿಲ್ಲ.

ನನ್ನ ಮಾತು ನಂಬಬೇಡಿ, ನಿಮ್ಮ ಮೈದಾನದಲ್ಲೇ ನೋಡಿ. ಯಾರಾದರೊಬ್ಬ ಆಗಲೇ ಕೊಂಡಿರುತ್ತಾನೆ ಅಲ್ವಾ, ಅವನ ಬ್ಯಾಂಡ್ ತಗೊಳ್ಳಿ. ಅಷ್ಟೇ ದಪ್ಪದ ಸುಮ್ನೆ ಒಂದು ರಬ್ಬರ್ ಬಳೆಯನ್ನೂ ಇಟ್ಟುಕೊಳ್ಳಿ. ನಾಣ್ಯ ಚಿಮ್ಮಿ ಯಾವುದು ಮೊದಲು ಅಂತ ತೀರ್ಮಾನಿಸಿ. ಹುಡುಗ ಕಣ್ಣು ಮುಚ್ಚಿರಲಿ. ತೊಡಿಸಿದ ಮೇಲೆ ಕರ್ಚೀಫು ಸುತ್ತಿಬಿಡಿ. ಅಂಗಾಲಿಗೆ ಮರದ ಪೆಟ್ಟಿಗೆ ಆನಿಸಿ ಕೂರಿಸಿ, ಪೆಟ್ಟಿಗೆಯ ಮೇಲೆ ಸ್ಕೇಲ್ ಇಟ್ಟು ಬೆರಳು ಎಲ್ಲಿಯವರೆಗೆ ಬಂತು ಅಂತ ಬರೆದುಕೊಳ್ಳಿ. ಬರೆಯುವವನಿಗೆ ಒಳಗಿರುವುದು ಯಾವುದು ಅಂತ ಗೊತ್ತಿರಬಾರದು. ಯಾರಿಗೆ ಯಾವುದು ಮೊದಲು ಅಂತ ತೊಡಿಸಿದವನು ಬೇರೆ ಪಟ್ಟಿ ಬರೆದಿಟ್ಟಿರಲಿ. ಇಡೀ ತಂಡದ ಅಳತೆ ಮುಗಿದ ಮೇಲೆ ಎರಡನ್ನೂ ತಾಳೆ ಹಾಕಿ.

ಈ ಧಂದೆ ಹೊಸದೇನಲ್ಲ. ಹೊಲೋಗ್ರಾಂ ಕೂರಿಸಿದ ‘ಪವರ್ ಬ್ಯಾಲೆನ್ಸ್’ ಎಂಬ ಅಮೆರಿಕದ ಸಿಲಿಕೋನ್ ಬಳೆಯೂ ಶಕ್ತಿ, ಸಮತೋಲ, ಮೈಯ ಬಾಗು ಹೆಚ್ಚಿಸುತ್ತೇನೆ ಅಂತಲೇ ಜಗತ್ತಿನ ತುಂಬ ಮಾರಾಟವಾಯಿತು. ದೊಡ್ಡ ದೊಡ್ಡ ಆಟಗಾರರ ಕೈಮೇಲೆ ಇತ್ತು. 2010ರ ಕೊನೆಯಲ್ಲಿ ಆಸ್ಟ್ರೇಲಿಯಾದ ಗ್ರಾಹಕ ಆಯೋಗ ಹಿಡಿದು ಕೇಳಿದಾಗ, ನಂಬುವಂಥ ವೈಜ್ಞಾನಿಕ ಆಧಾರ ಇಲ್ಲ ಎಂದು ಕಂಪನಿಯೇ ಒಪ್ಪಿಕೊಂಡಿತು. ಮರುವರ್ಷ ದಿವಾಳಿ ಅರ್ಜಿ ಹಾಕಿತು. ಇನ್ನೊಂದು ಮಾತು: ಕಬಡ್ಡಿ ಅಂಕಣಕ್ಕೆ ಉಂಗುರ, ಬಳೆ ಹಾಕಿಕೊಂಡು ಇಳಿಯುವಂತಿಲ್ಲ. ರೆಫರಿ ಹೇಗೂ ಬಿಚ್ಚಿಸುತ್ತಾರೆ!

ಮೈ ಬಾಗಬೇಕಾದರೆ ಆಟ ಮುಗಿದ ಮೇಲೆ ಪ್ರತಿ ಸ್ನಾಯುವನ್ನು 30 ಸೆಕೆಂಡು ಎಳೆದು ಹಿಡಿಯಿರಿ, ಎರಡು ಸಲ. ವಾರದಲ್ಲಿ ಮೂರು ದಿನವಾದರೂ ಮಾಡಿಸಿದರೆ ಕೆಲವು ವಾರಗಳಲ್ಲಿ ಫರಕು ಕಾಣುತ್ತದೆ. ಆಟಕ್ಕೆ ಮುಂಚೆ ನಿಮಿಷಗಟ್ಟಲೆ ಎಳೆದು ಹಿಡಿಸಬೇಡಿ, ಬಲ ಕೊಂಚ ತಗ್ಗುತ್ತದೆ. ಆಗ ಹಗುರ ಓಟ, ಕಾಲು ಬೀಸುವುದು ಸಾಕು. ಜೊತೆಗೆ ನಾರ್ಡಿಕ್ ವ್ಯಾಯಾಮ ಕಲಿಸಿ. ಮಂಡಿಯೂರಿದವನ ಹಿಮ್ಮಡಿಯನ್ನು ಜೊತೆಗಾರ ಒತ್ತಿ ಹಿಡಿಯಬೇಕು. ಇವನು ಬೆನ್ನು, ಸೊಂಟ ನೆಟ್ಟಗಿಟ್ಟು ಆದಷ್ಟು ನಿಧಾನವಾಗಿ ಮುಂದಕ್ಕೆ ವಾಲಿ, ಕೊನೆಗೆ ಕೈಯೂರಬೇಕು. ಫುಟ್‌ಬಾಲ್ ಆಟಗಾರರಲ್ಲಿ ಇದು ಹ್ಯಾಮ್‌ಸ್ಟ್ರಿಂಗ್ ಗಾಯಗಳನ್ನು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಸಿದೆ. ಪೈಸೆ ಖರ್ಚಿಲ್ಲ.

ನೀ ಕ್ಯಾಪ್‌ನ ಲೆಕ್ಕ ಬೇರೆ. ಕೀಲು ಬೆಚ್ಚಗಿರುತ್ತದೆ, ಕೆಲವರಿಗೆ ನೋವು ಕಮ್ಮಿ ಅನ್ನಿಸುತ್ತದೆ. ಆದರೆ ಮೂಳೆಗೆ ಮೂಳೆ ಕಟ್ಟಿಹಿಡಿಯುವ ಲಿಗಮೆಂಟ್ ಹರಿದಿದ್ದರೆ ಅದನ್ನು ಆ ಬಟ್ಟೆ ಹಿಡಿದಿಡಲಾರದು. ಮೊಣಕಾಲು ಊದಿದವನಿಗೆ ಕ್ಯಾಪ್ ಹಾಕಿ ಆಡಿಸಬೇಡಿ. ಕಾಲು ಜುಂ ಅಂದರೆ ತೆಗೆಸಿ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ದಿನವಿಡೀ ಹಾಕಿಕೊಂಡಿದ್ದರೆ ಬೆವರುಸಾಲೆ ಖಾತ್ರಿ.

ಪ್ರಶ್ನೆ: ಪೊಲೀಸ್ ಭರ್ತಿಗೆ ಓಡುತ್ತಿದ್ದೇನೆ. ಹಗುರವಾಗಿ ಓಡಿದರೂ ವಾಚ್ ನಾಡಿಮಿಡಿತ 175 ತೋರಿಸುತ್ತದೆ, 48 ಗಂಟೆ ವಿಶ್ರಾಂತಿ ಅನ್ನುತ್ತದೆ. ತೊಡೆಯ ಹಿಂಭಾಗವೂ ಬಿಗಿ. ವಾಚ್ ಮಾತು ಕೇಳಲೇ? (ಯುವತಿ, ಯಾದಗಿರಿ)

ಉತ್ತರ: ಮಣಿಕಟ್ಟಿನ ವಾಚ್ ಚರ್ಮಕ್ಕೆ ಹಸಿರು ಬೆಳಕು ಬಿಟ್ಟು ರಕ್ತದ ಏರಿಳಿತ ಓದುತ್ತದೆ. ಸಡಿಲವಿದ್ದರೆ ಕೆಲವೊಮ್ಮೆ ನಾಡಿಯ ಬದಲು ಹೆಜ್ಜೆಯನ್ನೇ ಎಣಿಸಿಬಿಡುತ್ತದೆ. ಓಡುವಾಗ ನಿಮಿಷಕ್ಕೆ 160–180 ಹೆಜ್ಜೆ ಮಾಮೂಲಿ, ನಿಮ್ಮ 175 ಅದೇ ಇರಬಹುದು. ನಿಂತ ಕೂಡಲೇ ಕತ್ತಿನ ನಾಡಿಯನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ ನೋಡಿ. ಪಟ್ಟಿಯನ್ನು ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲೆ ಕಟ್ಟಿ.

48 ಗಂಟೆ ಅನ್ನುವುದು ನಾಡಿಮಿಡಿತದಿಂದ ಹಾಕಿದ ಅಂದಾಜು. ನಾಡಿಯೇ ತಪ್ಪಿದ್ದರೆ ಅದೂ ತಪ್ಪು. ತೊಡೆಯ ಸ್ನಾಯು ಹೇಗಿದೆ ಅಂತ ವಾಚ್‌ಗೆ ಕಾಣುವುದಿಲ್ಲ. ಎರಡೂ ಕಾಲು ಒಂದೇ ಥರ ಬಿಗಿಯಿದ್ದರೆ ಹಗುರವಾಗಿ ಓಡಿ. ಒಂದೇ ಕಾಲಲ್ಲಿ, ಬೆರಳಿಟ್ಟು ತೋರಿಸುವಂಥ ಜಾಗದಲ್ಲಿ ನೋವಿದ್ದರೆ ಓಟ ನಿಲ್ಲಿಸಿ ಫಿಸಿಯೋ ಹತ್ತಿರ ಹೋಗಿ, ವಾಚ್ ‘ರೆಡಿ’ ಅಂದರೂ ಸರಿ.